ಪ್ರಾರ್ಥನೆಯಲ್ಲಿ ನಕ್ಕವಳು

ಚಳ್ಳಕೆರೆಯಿಂದ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಮೊಳಕಾಲ್ಮೂರಿಗೆ ಹೊರಡುವ ಸರ್ಕಾರಿ ಬಸ್ಸಿನ ಕಂಡಕ್ಟರ್ ದಯಾಮಣಿಗೆ ಆ ದಾರಿಯ ಜನ ಇಟ್ಟಿದ್ದ ಹೆಸರು 'ಬಿಗಿ ಮೇಡಂ'. ತಳಕು, ಹಿರೇಹಳ್ಳಿ, ಬಿ.ಜಿ. ಕೆರೆ, ಕೊಂಡ್ಲಹಳ್ಳಿ, ಎಲ್ಲಿ ಹತ್ತಿದವರೂ ಅವಳ ಮುಖ ನೋಡಿ ಮಾತು ಕಡಿಮೆ ಮಾಡುತ್ತಿದ್ದರು. ಖಾಕಿ ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿ, ಕೆಳತುಟಿಯನ್ನು ಹಲ್ಲಿನಡಿ ಕಚ್ಚಿಕೊಂಡು, ಟಿಕೆಟ್ ಹರಿದು ಕೈಗಿಟ್ಟು ಮುಂದಕ್ಕೆ ಹೋಗುತ್ತಿದ್ದಳು. ಯಾರಾದರೂ ತಮಾಷೆ ಮಾಡಿದರೆ ಥಟ್ಟನೆ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದಳು. ನಲವತ್ತಮೂರಾದರೂ ಮದುವೆಯಿಲ್ಲದವಳು, ಅದಕ್ಕೇ ಸಿಡುಕು ಎಂದು ಹಿಂದಿನ ಸೀಟಿನವರು ತೀರ್ಮಾನ ಮಾಡಿಕೊಂಡಿದ್ದರು.

ಅವಳಿಗೆ ಸಿಡುಕೇ ಇರಲಿಲ್ಲ. ನಗು ಹೊರಬೀಳದಂತೆ ಇಪ್ಪತ್ತು ವರ್ಷದಿಂದ ಹಿಡಿದಿಟ್ಟುಕೊಂಡವಳ ಮುಖ ಅದು.

ನಗು ಅವಳಿಗೆ ಸಣ್ಣಂದಿನಿಂದಲೂ ಬರಬಾರದ ಹೊತ್ತಿನಲ್ಲಿ ಬರುತ್ತಿತ್ತು. ಎಲ್ಲರೂ ನಗುವಾಗ ಅವಳಿಗೆ ಅಷ್ಟೇನೂ ನಗು ಬರದು. ಎಲ್ಲರೂ ಗಂಭೀರವಾಗಿ ಕೂತರೆ, ಇಲ್ಲವೇ ಅವಳಿಗೆ ಹೆದರಿಕೆಯಾದರೆ, ಹೊಟ್ಟೆಯ ಬುಡದಿಂದ ಗುಳುಗುಳು ಎಂದು ಮೇಲೇರುತ್ತಿತ್ತು. ಐದು ವರ್ಷದವಳಿದ್ದಾಗ ಶುಭ ಶುಕ್ರವಾರದ ಆರಾಧನೆಯಲ್ಲಿ, ಇಡೀ ಸಭೆ ಕಣ್ಣು ಮುಚ್ಚಿ ಬಿಕ್ಕುತ್ತಿರುವಾಗ, ಮುಂದೆ ಕೂತ ಹಿರಿಯರೊಬ್ಬರ ಬೋಳುತಲೆಯ ಮೇಲೆ ನೊಣವೊಂದು ವಾಕಿಂಗ್ ಹೊರಟಿದ್ದನ್ನು ಕಂಡು ಕಿಸಕ್ಕನೆ ನಕ್ಕಿದ್ದಳು. ಆಗ ಸಣ್ಣ ಹುಡುಗಿಯೆಂದು ಬಿಟ್ಟರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬಿಡಲಿಲ್ಲ.

ಬಳ್ಳಾರಿ ಕಡೆಯಿಂದ ಗಂಡಿನವರು ನೋಡಲು ಬಂದಿದ್ದರು. ಹುಡುಗ ಒಪ್ಪಿದ್ದ, ಇವಳಿಗೂ ಒಪ್ಪಿಗೆಯಾಗಿತ್ತು, ಉಪ್ಪಿಟ್ಟು ತಟ್ಟೆಗೆ ಬಂದಿತ್ತು. ಹುಡುಗನ ಸೋದರಮಾವ ಪ್ರಾರ್ಥನೆಗೆ ಎದ್ದು ನಿಂತರು. ಈ ಮನೆಯನ್ನು ಆಶೀರ್ವದಿಸು ತಂದೆ ಎಂದರು. ಪಕ್ಕದ ಮನೆಯ ಮೇಕೆ 'ಮೇ' ಎಂದಿತು. ಈ ಕುಟುಂಬವನ್ನು ಆಶೀರ್ವದಿಸು ತಂದೆ. 'ಮೇ'. ಈ ಉಪ್ಪಿಟ್ಟನ್ನು ಆಶೀರ್ವದಿಸು ತಂದೆ. ಈ ಸಲ ಮೇಕೆ ಎರಡು ಸಲ ಒಪ್ಪಿಗೆ ಕೊಟ್ಟಿತು. ದಯಾಮಣಿ ಸೆರಗು ಬಾಯಿಗೆ ತುರುಕಿಕೊಂಡಳು, ತೊಡೆ ಚಿವುಟಿಕೊಂಡಳು, ಏನೂ ನಡೆಯಲಿಲ್ಲ. ನಗು ಕಟ್ಟೆಯೊಡೆದ ಮೇಲೆ ಕಾಲು ಗಂಟೆ ನಿಲ್ಲಲಿಲ್ಲ. ಸೋದರಮಾವ ಅವಳ ತಲೆಯ ಮೇಲೆ ಕೈಯಿಟ್ಟು ದೆವ್ವ ಬಿಡಿಸುವ ಪ್ರಾರ್ಥನೆ ಶುರು ಮಾಡಿದರು. ಅದರಿಂದ ನಗು ಇನ್ನೂ ಜೋರಾಯಿತು. "ಹುಡುಗಿಗೆ ಏನೋ ಹಿಡಿದೈತೆ" ಎಂದು ಹೇಳಿ, ಆಶೀರ್ವಾದವಾಗಿದ್ದ ಉಪ್ಪಿಟ್ಟನ್ನೂ ತಿನ್ನದೆ ಅವರು ಹೊರಟುಹೋದರು. ಅವಳ ಅಪ್ಪ ದೇವದಾಸ್, ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಮಿತಮಾತಿನ ಮನುಷ್ಯ, ಒಂದೂ ಮಾತಾಡದೆ ಹಿತ್ತಲಿಗೆ ಹೋದ. ಎರಡು ದಿನ ಮಗಳ ಮುಖ ನೋಡಲಿಲ್ಲ.

ಮುಂದಿನ ವರ್ಷ ಅಪ್ಪ ಎದೆನೋವಿನಿಂದ ತೀರಿಕೊಂಡ. ಸಮಾಧಿಯ ಹತ್ತಿರ ಪೆಟ್ಟಿಗೆ ಇಳಿಸುವಾಗ ದಯಾಮಣಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ನೋಡಿದವರು ನೋಡಿದರು. ಆವತ್ತೇ ಅವಳಿಗೆ ಒಂದು ವಿಷಯ ಗಟ್ಟಿಯಾಯಿತು: ಅಪ್ಪನ ಮಣ್ಣಿನಲ್ಲೂ ದೇವರ ಮುಂದೆಯೂ ನಕ್ಕವಳಿಗೆ ಇನ್ನು ದೇವರ ಹತ್ತಿರ ಏನನ್ನೂ ಕೇಳುವ ಮುಖವಿಲ್ಲ. ಗುಡಿಗೆ, ಅಂದರೆ ಅವರ ಚರ್ಚಿಗೆ, ಹೋಗುವುದನ್ನು ಬಿಡಲಿಲ್ಲ. ಬಾಗಿಲ ಪಕ್ಕದ ಚಾಪೆಯಲ್ಲಿ ಕೂತು, ಬೇಕಾದರೆ ಎದ್ದು ಓಡಲು ತಯಾರಾಗಿರುತ್ತಿದ್ದಳು. ದಿನಾ ಡ್ಯೂಟಿಗೆ ಹೊರಡುವ ಮುಂಚೆ ಅವಳದು ಒಂದೇ ಸಾಲಿನ ಪ್ರಾರ್ಥನೆ: "ಕರ್ತನೇ, ನಗಿಸಬ್ಯಾಡ." ಇಪ್ಪತ್ತು ವರ್ಷ ಇಷ್ಟೇ ಕೇಳಿದಳು. ಪ್ರಾರ್ಥನೆ ಫಲಿಸಿತೋ, ಕಚ್ಚಿದ ತುಟಿ ಫಲಿಸಿತೋ, ಬಿಗಿ ಮೇಡಂ ಎಂಬ ಹೆಸರಂತೂ ಬಂತು.

ಹೋದ ವರ್ಷ ಜೂನ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನದ ಟ್ರಿಪ್ಪಿಗೆ, ಚಳ್ಳಕೆರೆ ನಿಲ್ದಾಣದಲ್ಲಿ ಒಬ್ಬ ಎತ್ತರದ ಮನುಷ್ಯ ಬಸ್ಸು ಹತ್ತಿದ. ಹೆಗಲ ಮೇಲೆ ಮಗ್ಗದ ಉದ್ದನೆಯ ಮರದ ದಿಂಡು. ಸಾಮಿಲ್ಲಿನಲ್ಲಿ ಕಡೆಸಿಕೊಂಡು ಬಂದಿದ್ದ ಅದು ಇನ್ನೂ ಹೊಸ ಮರದ ವಾಸನೆ ಹೊಡೆಯುತ್ತಿತ್ತು. ಅದನ್ನು ಸೀಟಿನ ಸಂದಿಯಲ್ಲಿ ನೆಟ್ಟಗೆ ನಿಲ್ಲಿಸಿ, ತಾನೂ ಅದರ ಪಕ್ಕ ನೆಟ್ಟಗೆ ನಿಂತ. ಯಾವುದು ಮರ, ಯಾವುದು ಮನುಷ್ಯ ಎಂದು ಕೇಳುವಂತಿತ್ತು.

"ಇದಕ್ಕೆ ಲಗೇಜ್ ಟಿಕೆಟ್ ಆಗ್ತೈತೆ" ಎಂದಳು ದಯಾಮಣಿ.

"ಆಗ್ಲಿ ಮೇಡಂ. ಆದ್ರೆ ಸೀಟು ಬ್ಯಾಡ. ಇದು ಕೂರಲ್ಲ" ಎಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಹುಟ್ಟಿದಾಗ್ಲಿಂದ ನಿಂತೇ ಐತೆ."

ದಯಾಮಣಿ ಕಿಟಕಿಯ ಕಡೆ ತಿರುಗಿದಳು. ತುಟಿ ಕಚ್ಚಿದಳು. ನಗು ಮೂಗಿಗೆ ಏರಿತು. ಬಾಯಿ ಮುಚ್ಚಲು ಸೀಟಿಯನ್ನು ಹಲ್ಲಿಗೆ ಸಿಕ್ಕಿಸಿಕೊಂಡಳು, ಅಲ್ಲೇ ಕೆಟ್ಟದ್ದು. ನಗು ಸೀಟಿಯೊಳಗಿಂದ ಹೊರಗೆ ಬಂತು. 'ಪೀಪ್' ಎಂದಿತು, ಡ್ರೈವರ್ ಹೊನ್ನೂರಸ್ವಾಮಿ ಬಸ್ಸು ನಿಲ್ಲಿಸಿದ. 'ಪೀಪ್ ಪೀಪ್', ಹೊರಡಿಸಿದ. 'ಪೀಪ್', ಮತ್ತೆ ನಿಲ್ಲಿಸಿದ. ಬಸ್ಸು ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುವುದರೊಳಗೆ ಆರು ಸಲ ನಿಂತು ಆರು ಸಲ ಹೊರಟಿತು. ಕೊನೆಗೆ ಹೊನ್ನೂರಸ್ವಾಮಿ ತಿರುಗಿ ನೋಡಿ, "ಮೇಡಂ, ಒಂದು ತೀರ್ಮಾನಕ್ಕೆ ಬರ್ರೀ" ಎಂದ. ಅಷ್ಟರಲ್ಲಿ ಬಿಗಿ ಮೇಡಂ ಟಿಕೆಟ್ ಮಷೀನನ್ನು ಹೊಟ್ಟೆಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಗುತ್ತಿದ್ದಳು. ಇಡೀ ಬಸ್ಸು ಕಾರಣ ಗೊತ್ತಿಲ್ಲದೆ ನಗುತ್ತಿತ್ತು. ದಿಂಡಿನವನು ಮಾತ್ರ ನಗಲಿಲ್ಲ. ಇದರಲ್ಲಿ ಏನು ತಮಾಷೆಯಿದೆ ಎಂದು ದಿಂಡನ್ನೇ ಮೇಲಿನಿಂದ ಕೆಳಗೆ ಪರೀಕ್ಷೆ ಮಾಡುತ್ತಿದ್ದ.

ಮೊಳಕಾಲ್ಮೂರಿನಲ್ಲಿ ಇಳಿಯುವಾಗ, "ನಿಮ್ಮ ಬಸ್ಸು ಚೆನ್ನಾಗೈತೆ ಮೇಡಂ" ಎಂದು ಹೇಳಿ ಹೋದ.

ಅವನ ಹೆಸರು ಬಾಲರಾಜ್. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮಗ್ಗಗಳನ್ನು ಮಾಡುವುದು, ಕೆಟ್ಟರೆ ಸರಿಮಾಡುವುದು ಅವನ ಕಸುಬು. ನಲವತ್ತೆಂಟು ವರ್ಷ. ಮೂವರು ತಂಗಿಯರ ಮದುವೆ ಮುಗಿಸುವ ಹೊತ್ತಿಗೆ ತನ್ನದು ಮರೆತೇಹೋಗಿತ್ತು. ಇದೆಲ್ಲ ದಯಾಮಣಿಗೆ ಗೊತ್ತಾದದ್ದು ಒಂದೊಂದು ಸೋಮವಾರಕ್ಕೆ ಒಂದೊಂದು ಮಾತಿನಂತೆ. ಪ್ರತಿ ಸೋಮವಾರ ಅವನು ಏನಾದರೊಂದು ಮರ ಹೊತ್ತು ಬರುತ್ತಿದ್ದ. ಆಗಸ್ಟಿನ ಒಂದು ಸೋಮವಾರ ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ, ತಿನ್ನುವ ಮುಂಚೆ ಕಣ್ಣು ಮುಚ್ಚಿ ತಲೆಬಾಗಿಸಿದ. ತುಟಿ ಸಣ್ಣಗೆ ಅಲುಗಿತು. ಅವನೂ ತಮ್ಮವನೇ, ಮೊಳಕಾಲ್ಮೂರಿನ ತೆಲುಗು ಮಾತಾಡುವ ಪುಟ್ಟ ಸಭೆಯವನು ಎಂದು ದಯಾಮಣಿಗೆ ಆಗ ತಿಳಿಯಿತು.

"ಐದಾರು ಶೇಂಗಾಕ್ಕೂ ಪ್ರಾರ್ಥನೆನಾ?" ಎಂದು ಕೇಳಿದಳು, ನಗು ಆಗಲೇ ಗಂಟಲಲ್ಲಿತ್ತು.

ಅವನು ಯೋಚಿಸಿದ. "ಮೊದ್ಲು ಎಣಿಸಿರ್ಲಿಲ್ಲ ಮೇಡಂ. ಸುಮ್ನೆ ಒಟ್ಟಿಗೆ ಮಾಡ್ಬಿಟ್ಟೆ."

ಆ ದಿನ ಬಿ.ಜಿ. ಕೆರೆಯಲ್ಲಿ ಇಳಿಯಬೇಕಾದವರು ಕೊಂಡ್ಲಹಳ್ಳಿಯಲ್ಲಿ ಇಳಿದರು, ಸೀಟಿ ಊದಲು ಕಂಡಕ್ಟರಿಗೆ ಆಗಿರಲಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಭಾನುವಾರ ಸಂಜೆಯಾದರೆ ಸಾಕು, ದಯಾಮಣಿಯ ಹೊಟ್ಟೆಯಲ್ಲಿ ಗೋಲಿ ಸೋಡಾ ಒಡೆದಂತಾಗುತ್ತಿತ್ತು. ಖಾಕಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕುತ್ತಿದ್ದಳು. ಅವಳ ಅವ್ವ ಯರ್ರಮ್ಮ, ಕಣ್ಣಿಗೆ ಪೊರೆ ಬಂದು ಮಬ್ಬಾಗಿದ್ದವಳು, ಇಸ್ತ್ರಿಯ ವಾಸನೆಯಿಂದಲೇ ವಾರ ಹೇಳುತ್ತಿದ್ದಳು. "ಏಮೇ ದಯಾ, ನಾಳೆ ಸೋಮಾರ ಅಲ್ವಾ?"

ನವೆಂಬರಿನ ಒಂದು ಮಂಗಳವಾರ ಸಂಜೆ ಅವರ ಸಭೆಯ ಪಾಸ್ಟರು, ಎಲ್ಲರೂ ಅಯ್ಯನವರು ಎಂದು ಕರೆಯುವ ಪ್ರಸನ್ನಕುಮಾರ್, ಮನೆಗೆ ಬಂದರು. ಚಾಪೆಯ ಮೇಲೆ ಕೂತು, ಟೀ ಬರುವವರೆಗೂ ಕಾಯದೆ ವಿಷಯ ಹೇಳಿದರು. "ಯರ್ರಮ್ಮನೋರೆ, ಮೊಳಕಾಲ್ಮೂರಿನ ಬಾಲರಾಜ್ ನನ್ನ ಹತ್ರ ಬಂದಿದ್ದ. ನಮ್ಮ ದಯಾಮಣಿನ ಕೇಳ್ತಾನೆ. ಅವರ ಒಪ್ಪಿಗೆ ಇದ್ರೆ ಮಾತ್ರ ಅಂದ."

ಟೀ ತರುತ್ತಿದ್ದ ದಯಾಮಣಿಯ ಕೈ ಓರೆಯಾಗಿ ಅರ್ಧ ಲೋಟ ಅಯ್ಯನವರ ಮೊಣಕಾಲಿಗೆ ಹೋಯಿತು. ಅವರು ಎದ್ದು ಕುಣಿದರು, ಕೂತರು, ಒರೆಸಿಕೊಳ್ಳುತ್ತಲೇ ಹೇಳಿದರು, "ಬರೋ ಭಾನುವಾರ ಬಾಲರಾಜನ ದೊಡ್ಡಪ್ಪ ಚಿನ್ನಯ್ಯನೋರು, ಅವರ ಸೊಸೆ, ಅಂದ್ರೆ ಅವನ ಅತ್ತಿಗೆ, ಬರ್ತಾರೆ. ಮನೇಲಿ ಒಂದು ಪ್ರಾರ್ಥನೆ ಮಾಡಿ ಮಾತು ಮುಗಿಸ್ತಾರೆ. ಅಷ್ಟರೊಳಗೆ ನೀನು ದೇವರ ಹತ್ರ ಮಾತಾಡಿ ನಿನ್ನ ಮನಸ್ಸು ಹೇಳಮ್ಮ."

ಮಾರನೆಯ ದಿನ ಬೆಳಿಗ್ಗೆ ಟ್ರಿಪ್ಪಿನಲ್ಲಿ ದಯಾಮಣಿಯ ಕಾಲು ಬಸ್ಸಿನ ನೆಲಕ್ಕೆ ತಾಗಲೇ ಇಲ್ಲ. ತಳಕು ಬಂದಾಗ "ಮೊಳಕಾಲ್ಮೂರು, ಇಳೀರಿ ಇಳೀರಿ" ಎಂದು ಕೂಗಿದಳು. ಇಬ್ಬರು ಇಳಿದೂ ಬಿಟ್ಟಿದ್ದರು, ಮತ್ತೆ ಹತ್ತಿಸಿಕೊಳ್ಳಬೇಕಾಯಿತು. ನಾಯಕನಹಟ್ಟಿಗೆ ಹೋಗಬೇಕಾದ ಅಜ್ಜಿಯೊಬ್ಬಳು ತಪ್ಪಿ ಈ ಬಸ್ಸು ಹತ್ತಿದ್ದಕ್ಕೆ ಬೈಯುವ ಬದಲು ಅವಳ ಕೆನ್ನೆ ಸವರಿ ಇಳಿಸಿದಳು. "ಮೇಡಂ, ಜ್ವರ ಗಿರ ಐತಾ?" ಎಂದ ಹೊನ್ನೂರಸ್ವಾಮಿ.

ಹಿರೇಹಳ್ಳಿ ದಾಟಿದ ಮೇಲೆ ಸೋಡಾದ ಗುಳ್ಳೆ ಒಡೆಯಿತು. ಭಾನುವಾರ ಪ್ರಾರ್ಥನೆ. ಅದೇ ಕೋಣೆ, ಅದೇ ಚಾಪೆ, ಕಣ್ಣು ಮುಚ್ಚಿದ ಹಿರಿಯರು. ಚಿನ್ನಯ್ಯನವರ ಪ್ರಾರ್ಥನೆ ಮುಕ್ಕಾಲು ಗಂಟೆಯದೆಂದು ಎರಡು ತಾಲ್ಲೂಕಿನ ಸಭೆಗಳಿಗೂ ಗೊತ್ತು. ಮುಕ್ಕಾಲು ಗಂಟೆ. ಅವಳು ಐದು ನಿಮಿಷ ತಡೆದಾಳೇ? ಆಮೇಲೆ ಮದುವೆ, ನೂರು ಜನರ ಮುಂದೆ ಪ್ರಮಾಣ. ಮೊಳಕಾಲ್ಮೂರಿನಿಂದ ತಿರುಗಿ ಬರುವಾಗ ಅವಳು ತೀರ್ಮಾನ ಮಾಡಿಯಾಗಿತ್ತು. ಆಗುವುದಿಲ್ಲ ಎಂದು ಅಯ್ಯನವರಿಗೆ ಹೇಳಿಬಿಡಬೇಕು. ಅಂಥ ಒಳ್ಳೆಯ ಮನುಷ್ಯನನ್ನು ಅವನ ಮನೆಯವರ ಮುಂದೆ ತಲೆತಗ್ಗಿಸುವಂತೆ ಮಾಡುವುದಕ್ಕಿಂತ ಸೋಮವಾರಗಳು ಹೀಗೇ ಬರುತ್ತಿರಲಿ.

ಆ ಬುಧವಾರ ಸಂಜೆ ಎಂದಿನಂತೆ ಕೈಕಾಲು ತೊಳೆದು ಅವ್ವನ ಪಕ್ಕ ಸತ್ಯವೇದ ಹಿಡಿದು ಕೂತಳು. ಅವ್ವನ ಕಣ್ಣು ಮಬ್ಬಾದಾಗಿನಿಂದ ದಿನಕ್ಕೊಂದು ಅಧ್ಯಾಯ ಮಗಳು ಓದಬೇಕು. ಯರ್ರಮ್ಮ ದೀಕ್ಷಾಸ್ನಾನ ತೆಗೆದುಕೊಂಡಾಗ ಹೆಸರು ಬದಲಿಸಿಕೊಳ್ಳದವಳು, ಸತ್ಯವೇದದಲ್ಲೂ ಅಲ್ಲೊಂದು ಇಲ್ಲೊಂದು ಆರಿಸಿ ಓದುವುದನ್ನು ಒಪ್ಪದವಳು. ಮೊದಲ ಪುಟದಿಂದ ಸಾಲಾಗಿ ಓದಬೇಕು. ಅಕ್ಟೋಬರ್ ಕೊನೆಯಲ್ಲಿ ಹೊಸದಾಗಿ ಆದಿಕಾಂಡದಿಂದ ಶುರು ಮಾಡಿದ್ದರು.

ಆ ದಿನ ಬಂದದ್ದು ಹದಿನೆಂಟನೆಯ ಅಧ್ಯಾಯ. ಬಿಸಿಲಿನ ಹೊತ್ತಿನಲ್ಲಿ ಮುದುಕ ಅಬ್ರಹಾಮನ ಗುಡಾರಕ್ಕೆ ಮೂವರು ಅತಿಥಿಗಳು ಬರುತ್ತಾರೆ. ಬರುವ ವರ್ಷ ನಿನ್ನ ಹೆಂಡತಿಗೆ ಮಗನಾಗುತ್ತಾನೆ ಎನ್ನುತ್ತಾರೆ. ಗುಡಾರದ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ತೊಂಬತ್ತರ ಮುದುಕಿ ಸಾರಳು ನಗುತ್ತಾಳೆ. ದಯಾಮಣಿ ಇದನ್ನು ಎಷ್ಟೋ ಸಲ ಕೇಳಿದ್ದಳು. ಯಾಕೆ ನಕ್ಕಳು ಎಂದು ದೇವರು ಕೇಳುತ್ತಾನೆ, ಹೆದರಿದ ಸಾರಳು ನಾನು ನಗಲಿಲ್ಲ ಎನ್ನುತ್ತಾಳೆ, ಇಲ್ಲ, ನೀನು ನಕ್ಕೆ ಎನ್ನುತ್ತಾನೆ ದೇವರು. ಪ್ರತಿ ಸಲವೂ ಆ ಮಾತು ಅವಳಿಗೆ ತನ್ನ ಕಡೆಯೇ ಬೆರಳು ತೋರಿಸಿದಂತೆ ಕೇಳಿಸುತ್ತಿತ್ತು. ಈ ಸಲ ಅಲ್ಲಿಗೆ ಬರುತ್ತಲೇ ಓದು ನಿಲ್ಲಿಸಿದಳು.

"ಯಾಕೆ ನಿಲ್ಲಿಸ್ದೆ?" ಎಂದಳು ಯರ್ರಮ್ಮ.

"ಅವಳು ನಕ್ಕಳಲ್ಲವ್ವ."

"ನಕ್ಕಳು. ತೊಂಬತ್ತು ವರ್ಷದೋಳಿಗೆ ತೊಟ್ಟಿಲು ಕಟ್ತೀನಿ ಅಂದ್ರೆ ನಗ್ದೆ ಇನ್ನೇನ್ ಮಾಡ್ತಾಳೆ. ಆಮ್ಯಾಕೆ ದೇವ್ರು ಏನ್ ಮಾಡ್ದ?"

"ಯಾಕೆ ನಕ್ಕೆ ಅಂತ ಕೇಳ್ದ."

"ಕೇಳ್ದ, ಸರಿ. ನಕ್ಕಿದ್ದಕ್ಕೆ ಕೊಡೋದನ್ನ ವಾಪಸ್ ತಗಂಡ್ನಾ?"

ಈ ಪ್ರಶ್ನೆ ದಯಾಮಣಿಗೆ ಯಾವತ್ತೂ ಹೊಳೆದಿರಲಿಲ್ಲ. ಸಾಲು ತಪ್ಪಿಸಬಾರದೆಂಬ ಅವ್ವನ ಕಟ್ಟಳೆ ಮೀರಿ ಪುಟ ಮಗುಚಿದಳು. ಮೂರು ಅಧ್ಯಾಯ ಮುಂದಕ್ಕೆ ಹೋದರೆ ಮಗು ಹುಟ್ಟಿತ್ತು. ಹೆಸರು ಇಸಾಕ. ಪುಟದ ಕೆಳಗಿನ ಸಣ್ಣ ಅಕ್ಷರದಲ್ಲಿ ಆ ಹೆಸರಿನ ಅರ್ಥವಿತ್ತು: ನಗು. ದೇವರು ನನ್ನನ್ನು ನಗಿಸಿದ್ದಾನೆ, ಕೇಳಿದವರೆಲ್ಲ ನನ್ನ ಜೊತೆ ನಗುತ್ತಾರೆ ಎಂದು ಆ ಮುದುಕಿ ಮಗುವನ್ನು ಎತ್ತಿಕೊಂಡು ಹೇಳುತ್ತಿದ್ದಳು. ದಯಾಮಣಿ ಅದನ್ನು ಒಂದು ಸಲ ಓದಿದಳು. ಬೆರಳಿಟ್ಟು ಮತ್ತೊಂದು ಸಲ ಓದಿದಳು. ಅವನೇ ನಗಿಸಿದನಂತೆ. ನಗಿಸಬೇಡ ಎಂದು ಇಪ್ಪತ್ತು ವರ್ಷ ಅವಳು ಬೇಡಿಕೊಂಡದ್ದು ಅವನನ್ನೇ.

"ಮಗೀಗೆ ನಗು ಅಂತಲೇ ಹೆಸರಿಟ್ರಂತವ್ವ" ಎಂದಳು. "ನಾನ್ ಅಪ್ಪನ ಮುಂದೆ ನಕ್ಕೆ. ಆ ಬಳ್ಳಾರಿಯೋರು ಬಂದಾಗ. ಅಪ್ಪ ಸಿಟ್ಟಾಗಿ ಹಿತ್ಲಿಗೆ ಹೋದ."

"ಯಾರು ಸಿಟ್ಟಾಗಿದ್ದು?" ಯರ್ರಮ್ಮ ಮಬ್ಬುಗಣ್ಣನ್ನು ಮಗಳ ಕಡೆ ತಿರುಗಿಸಿದಳು. "ನೀರಿನ ತೊಟ್ಟಿ ಹಿಂದೆ ಕೂತು, ಬಾಯಿಗೆ ಟವಲ್ ತುರುಕ್ಕಂಡು ನಗ್ತಿದ್ದ ಆ ಮನುಷ್ಯ. ನಾನು ಹೋಗಿ ನೋಡಿದ್ರೆ ಉಸಿರು ಸಿಗ್ತಿಲ್ಲ. ಮೇಕೆ, ಮೇಕೆ ಅಂತಾನೆ."

"ಎರಡು ದಿನ ನನ್ನ ಮುಖ ನೋಡ್ಲಿಲ್ಲ."

"ನೋಡಿದ್ರೆ ಮತ್ತೆ ನಗು ಬರ್ತೈತೆ ಅಂತ. ಈ ನಗು ನಿಮ್ಮಪ್ಪನ ಕಡೇದು. ನಮ್ಮ ಮದ್ವೇಲಿ, ತಾಳಿ ಕಟ್ಟೋವಾಗ ನಕ್ಕು ನಕ್ಕು ಮೂರನೇ ಗಂಟು ನಮ್ಮತ್ತೆ ಹಾಕ್ಬೇಕಾತು."

"ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ?"

"ಹೇಳ್ಬ್ಯಾಡ ಅಂದಿದ್ದ, ಅಪ್ಪ ಅನ್ನೋ ಮರ್ಯಾದೆ ಹೋಗ್ತೈತೆ ಅಂತ. ನೀನೂ ಕೇಳ್ಲಿಲ್ಲ. ನಿನ್ನ ಮನಸ್ನಾಗೆ ಇದು ಇನ್ನೂ ಕೂತೈತೆ ಅಂತ ನನಗೇನ್ ಗೊತ್ತು?"

ದಯಾಮಣಿ ಎದ್ದು ಅಡುಗೆಮನೆಗೆ ಹೋದಳು. ರಾಗಿ ಡಬ್ಬದ ಪಕ್ಕ ಮೊಣಕಾಲೂರಿದಳು. ಇಪ್ಪತ್ತು ವರ್ಷದ ಆ ಒಂದೇ ಸಾಲು ಬಾಯಿಗೆ ಬಂತು, ಅದನ್ನು ನುಂಗಿಕೊಂಡಳು. ಬೇರೆ ಮಾತು ಗೊತ್ತಿರಲಿಲ್ಲ, ಹಾಗಾಗಿ ಬಸ್ಸಿನಲ್ಲಿ ಪಕ್ಕದವರೊಡನೆ ಮಾತಾಡಿದಂತೆ ಶುರು ಮಾಡಿದಳು. ಕರ್ತನೇ, ಅವರ ಹೆಸರು ಬಾಲರಾಜ್, ನಿನಗೆ ಗೊತ್ತು, ಶೇಂಗಾ ಎಣಿಸದೆ ನಿನಗೆ ಸ್ತೋತ್ರ ಹೇಳೋರು. ನನಗೆ ಅವರನ್ನ ಕಂಡ್ರೆ ಇಷ್ಟ. ಭಾನುವಾರ ನನಗೆ ಭಯ. ಅಪ್ಪನ ಸಮಾಧೀಲಿ ನಾನು ನಕ್ಕಿದ್ದು ನಿನಗೆ ಅಳು ಅಂತ ಗೊತ್ತಿತ್ತಾ? ಇಲ್ಲಿಗೆ ಬರುತ್ತಿದ್ದಂತೆ ಕಣ್ಣೀರು ಬಂತು. ಅದರ ಹಿಂದೆಯೇ ಟವಲ್ ತುರುಕಿಕೊಂಡ ಅಪ್ಪ ಕಣ್ಣಮುಂದೆ ಬಂದ, ನಗುವೂ ಬಂತು. ಅವಳು ತುಟಿ ಕಚ್ಚಲಿಲ್ಲ. ಜೀವಮಾನದಲ್ಲಿ ಮೊದಲ ಸಲ ದೇವರ ಮುಂದೆ ತಡೆಯಿಲ್ಲದೆ ನಕ್ಕಳು. ಯಾರೂ ಎದ್ದು ಹೋಗಲಿಲ್ಲ. ಅಡುಗೆಮನೆಯಲ್ಲಿ ಯಾರೋ ಜೊತೆಗೆ ಕೂತು ಕೇಳುತ್ತಿದ್ದಾರೆ, ಅವರಿಗೇನೂ ಬೇಸರವಾಗಿಲ್ಲ ಎನ್ನುವುದು, ಒಲೆಯ ಕಾವು ಬೆನ್ನಿಗೆ ತಿಳಿಯುವಷ್ಟು ನಿಚ್ಚಳವಾಗಿ ಅವಳಿಗೆ ತಿಳಿಯಿತು. ಆಮೆನ್ ಎನ್ನುವಾಗ ಆ ಪದವೂ ಎರಡು ತುಂಡಾಯಿತು.

"ಮುಗೀತಾ?" ಎಂದು ಆಚೆ ಕೋಣೆಯಿಂದ ಅವ್ವ ಕೇಳಿದಳು. "ಹಂಗಾದ್ರೆ ಅನ್ನಕ್ಕಿಡು."

ಶುಕ್ರವಾರ ಮಧ್ಯಾಹ್ನ ಬಾಲರಾಜ್ ಬಸ್ಸು ಹತ್ತಿದ, ಕೈಯಲ್ಲಿ ಏನೂ ಇರಲಿಲ್ಲ.

"ಏನ್ ಅಣ್ಣಾ, ಇವತ್ತು ಮರ ಇಲ್ವಾ?" ಎಂದ ಹೊನ್ನೂರಸ್ವಾಮಿ.

"ಇವತ್ತು ನಾನೊಬ್ನೇ."

ತಳಕಿನಲ್ಲಿ ಬಸ್ಸು ಅರ್ಧ ಖಾಲಿಯಾದ ಮೇಲೆ ದಯಾಮಣಿ ಅವನ ಹಿಂದಿನ ಸೀಟಿನಲ್ಲಿ ಕೂತು, ಅವನ ಬೆನ್ನಿಗೆ ಎಲ್ಲ ಹೇಳಿದಳು. ನೊಣ, ಮೇಕೆ, ಉಪ್ಪಿಟ್ಟು, ಅಪ್ಪನ ಸಮಾಧಿ. "ನಾನ್ ಪ್ರಾರ್ಥನೇಲಿ ನಗ್ತೀನಿ. ತಡೆಯಾಕಾಗಲ್ಲ. ನಿಮ್ಮ ಮನೆಯೋರ ಮುಂದೂ ನಗಬೋದು, ಮದ್ವೇಲೂ ನಗಬೋದು. ಮೊದ್ಲೇ ಹೇಳ್ಬೇಕು ಅನ್ನಿಸ್ತು."

ಬಾಲರಾಜ್ ತಿರುಗದೆ ಯೋಚಿಸಿದ. ಹಿರೇಹಳ್ಳಿ ಬಂತು, ಹೋಯಿತು. ಬಿ.ಜಿ. ಕೆರೆಯ ತಿರುವಿನಲ್ಲಿ ಕೇಳಿದ, "ಎಷ್ಟೊತ್ತು ನಗ್ತೀರಾ?"

"ಒಂದೊಂದ್ಸಲ ಕಾಲು ಗಂಟೆ."

"ಹಂಗಾದ್ರೆ ಪ್ರಾರ್ಥನೆ ಕಾಲು ಗಂಟೆ ಮುಂಚೆ ಶುರು ಮಾಡ್ಬೇಕು. ದೊಡ್ಡಪ್ಪಂಗೆ ಹೇಳ್ತೀನಿ."

ದಯಾಮಣಿ ಸೀಟಿ ಊದಲು ಹೋದಳು, ಸೀಟಿಯಿಂದ ನಗುವೇ ಬಂತು, ಹೊನ್ನೂರಸ್ವಾಮಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಅಷ್ಟು ಹೊತ್ತಿಗೆ ಅವನು ಕಲಿತಿದ್ದ.

ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಬಂದರು. ಚಿನ್ನಯ್ಯನವರು ಎಂಬತ್ತು ದಾಟಿದ, ದಪ್ಪ ಮೀಸೆಯ, ಬೆತ್ತದ ಕೋಲು ಹಿಡಿದ ಹಿರಿಯರು. ಅತ್ತಿಗೆ, ಬಾಲರಾಜ್, ಅಯ್ಯನವರು. ದಯಾಮಣಿ ಹಸಿರು ಸೀರೆಯುಟ್ಟು ಅವ್ವನ ಪಕ್ಕ ಕೂತಳು. ಚಿನ್ನಯ್ಯನವರು ಕೋಲು ಗೋಡೆಗೆ ಒರಗಿಸಿ ಎದ್ದು ನಿಂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಪ್ರಾರ್ಥನೆ ಶುರು ಮಾಡಿದರು. ಎಲ್ಲರ ಕಣ್ಣು ಮುಚ್ಚಿತ್ತು. ದಯಾಮಣಿ ನಗು ಬರುವುದನ್ನು ಕಾದಳು. ಐದು ನಿಮಿಷ ಕಳೆಯಿತು. ಹೊರಗೆ ಆಟೋ ಒಂದು ಹಿಂದಕ್ಕೆ ಹೋಗುವಾಗ ಹಾಡು ಹಾಡಿತು. ನಗು ಬರಲಿಲ್ಲ. ಚಿನ್ನಯ್ಯನವರು ಲೋಕದ ಸೃಷ್ಟಿಯಿಂದ ಹೊರಟು ಜಲಪ್ರಳಯದವರೆಗೂ ಬಂದರು. ಬರಲಿಲ್ಲ. ಅವಳ ಮನಸ್ಸು ತಿಳಿನೀರಿನ ಬಾವಿಯಂತೆ ತಣ್ಣಗಿತ್ತು. ಭಯವಿಲ್ಲದ ಕಡೆ ಆ ನಗುವಿಗೂ ಕೆಲಸವಿರಲಿಲ್ಲವೇನೋ.

ಇದ್ದಕ್ಕಿದ್ದಂತೆ ಪ್ರಾರ್ಥನೆ ನಿಂತಿತು. ದಯಾಮಣಿ ಮೆಲ್ಲಗೆ ಕಣ್ಣು ತೆರೆದಳು. ಚಿನ್ನಯ್ಯನವರು ಒಂದು ಕಣ್ಣು ಮುಚ್ಚಿ ಒಂದು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಅತ್ತಿಗೆ ನೋಡುತ್ತಿದ್ದಳು. ಅಯ್ಯನವರೂ ನೋಡುತ್ತಿದ್ದರು. ಬಾಲರಾಜ್ ಎಲ್ಲರಿಗೂ ಹೇಳಿ ಕರೆದುಕೊಂಡು ಬಂದಿದ್ದ.

"ಏನಮ್ಮಾ" ಎಂದರು ಚಿನ್ನಯ್ಯನವರು, ಕಾಳಜಿಯಿಂದ. "ನಗು ಬರ್ಲಿಲ್ವಾ? ನಾನು ಅದಕ್ಕೇ ನಿಧಾನಕ್ಕೆ ಹೋಗ್ತಿದ್ದೆ. ಬೇಕಾದ್ರೆ ನಿಂದು ಮುಗಿಸ್ಕೋ, ಆಮ್ಯಾಕೆ ನಾನು ನೋಹನ ಹತ್ರದಿಂದ ಮತ್ತೆ ಹಿಡೀತೀನಿ."

ಮೊದಲು ನಕ್ಕವಳು ಯರ್ರಮ್ಮ. ಅವಳ ಹಿಂದೆ ಅತ್ತಿಗೆ, ಅತ್ತಿಗೆಯ ಹಿಂದೆ ಅಯ್ಯನವರು. ದಯಾಮಣಿ ಕೊನೆಗೆ ಹೊರಟರೂ ಎಲ್ಲರನ್ನೂ ಹಿಂದೆ ಹಾಕಿದಳು. ಚಿನ್ನಯ್ಯನವರು ಮೀಸೆಯೊಳಗೆ ತಡೆಯಲು ನೋಡಿದರು, ಕೆಮ್ಮು ಬಂತು, ಕೋಲು ಜಾರಿ ಬಿತ್ತು, ಅವರೂ ಗೋಡೆ ಹಿಡಿದುಕೊಂಡು ನಕ್ಕರು. ಆ ಸದ್ದಿನ ನಡುವೆ ಬಾಲರಾಜ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಯ್ಯನವರು ಕಣ್ಣೊರೆಸಿಕೊಂಡು, ಒಪ್ಪಿಗೆ ಏನಮ್ಮ ಎಂದು ಕೇಳಿದಾಗ ದಯಾಮಣಿ ಮಾತಾಡಲಾಗದೆ ಜೋರಾಗಿ ತಲೆಯಾಡಿಸಿದಳು. ಚಿನ್ನಯ್ಯನವರ ಪ್ರಾರ್ಥನೆ ಆ ದಿನ ಜಲಪ್ರಳಯದಲ್ಲೇ ಆಮೆನ್ ಕಂಡಿತು. ಅವರ ಸಭೆಯ ಚರಿತ್ರೆಯಲ್ಲಿ ಅದೇ ಅತಿ ಚಿಕ್ಕದು ಎನ್ನುತ್ತಾರೆ.

ಜನವರಿಯಲ್ಲಿ ಚಳ್ಳಕೆರೆಯಲ್ಲಿ ಮದುವೆಯಾಯಿತು. ಪ್ರಮಾಣ ಹೇಳುವಾಗ ದಯಾಮಣಿ ನಕ್ಕಳು. 'ಸುಖದಲ್ಲಿಯೂ' ಎಂದು ಸರಿಯಾಗಿ ಹೇಳಿದವಳು 'ಕಷ್ಟದಲ್ಲಿಯೂ' ಎನ್ನುವಾಗ ತಡೆಯಲಾಗದೆ ನಿಂತಳು. ಅಯ್ಯನವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ತಾಳ್ಮೆಯಿಂದ ಕಾದರು. ಸಭೆಯವರೂ ಬೀಸಣಿಗೆ ಬೀಸಿಕೊಳ್ಳುತ್ತಾ ಕಾದರು. ಅವಳು ಓಡಿಹೋಗುವ ಬಾಗಿಲನ್ನು ನೋಡಲಿಲ್ಲ. ನಗು ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಇಳಿಯಿತು, ಉಳಿದ ಮಾತನ್ನು ಅವಳು ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು.

ಈಗ ಅವಳ ಮನೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ. ಅದೇ ದಾರಿಯ ಬಸ್ಸು, ಆದರೆ ಬೆಳಿಗ್ಗೆ ಈ ಕಡೆಯಿಂದ ಹೊರಡುತ್ತಾಳೆ. ಯರ್ರಮ್ಮನೂ ಜೊತೆಗೆ ಬಂದಿದ್ದಾಳೆ. ಸಂಜೆಯ ಓದು ನಡೆದಿದೆ, ಕೇಳುವವರು ಒಬ್ಬರಿದ್ದದ್ದು ಇಬ್ಬರಾಗಿದ್ದಾರೆ. ದಿನಾ ಓದಿನ ಮುಂಚೆ ದಯಾಮಣಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾಳೆ. ಬಸ್ಸಿನ ಟಯರಿನಿಂದ ಹಿಡಿದು ಅವ್ವನ ಕಣ್ಣಿನವರೆಗೆ ಏನು ಬೇಕೋ ಎಲ್ಲ ಕೇಳುತ್ತಾಳೆ, ಸಂಕೋಚವಿಲ್ಲ.

ಮದುವೆಯ ಗಡಿಬಿಡಿಯಲ್ಲಿ ಕೆಲವು ವಾರ ತಪ್ಪಿದ್ದ ಓದನ್ನು ಮುಂದುವರಿಸಿ, ಫೆಬ್ರವರಿಯಲ್ಲಿ ವಿಮೋಚನಕಾಂಡದ ಆ ಅಧ್ಯಾಯಕ್ಕೆ ಬಂದರು, ದೇವದರ್ಶನದ ಗುಡಾರಕ್ಕೆ ಎಷ್ಟು ಹಲಗೆ, ಎಷ್ಟು ಮೊಳ, ಎಷ್ಟು ಕುಳಿ ಎಂದು ದೇವರೇ ಅಳತೆ ಕೊಡುವ ಭಾಗ. ಬೇರೆಯವರು ತೂಕಡಿಸುವ ಜಾಗದಲ್ಲಿ ಬಾಲರಾಜ್ ನೆಟ್ಟಗೆ ಕೂತ. "ಇನ್ನೊಂದ್ಸಲ ಓದು" ಎಂದ. ಎದ್ದು ಟೇಪು ತಂದ. ಸಂಜೆಯ ಬೆಳಕು ಇನ್ನೂ ಇತ್ತು. ಬೀದಿಗಿಳಿದು ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಶುರು ಮಾಡಿದ. ಎದುರು ಮನೆಯ ನೇಕಾರಗಿತ್ತಿ ತಿಪ್ಪಕ್ಕ ಲಾಳಿ ಬಿಟ್ಟು ಹೊರಗೆ ಬಂದಳು.

"ಇಷ್ಟುದ್ದ ಸೀರೆ ಯಾರಿಗಣ್ಣಾ?"

"ಸೀರೆ ಅಲ್ಲ ತಿಪ್ಪಕ್ಕ. ದೇವರಿಗೆ ಗುಡಾರ. ಮೂವತ್ತು ಮೊಳ. ಆ ತುದಿ ಹಿಡೀರಿ."

ತಿಪ್ಪಕ್ಕ ಟೇಪಿನ ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದಳು. ತನ್ನ ಜಗಲಿ ಹತ್ತಿದಳು, ಹೊಸಿಲಿಗೆ ಬಂದಳು. "ಇನ್ನೂ ಬೇಕಾ?"

"ಇನ್ನು ನಾಲ್ಕು ಮೊಳ."

"ಹಂಗಾದ್ರೆ ನನ್ನ ಮಗ್ಗ ಒಳಗ್ ಬರ್ತೈತಲ್ಲಣ್ಣಾ."

ಬಾಲರಾಜ್ ಗಂಭೀರವಾಗಿ ಗೆರೆಯನ್ನೂ ಮನೆಯನ್ನೂ ನೋಡಿದ. "ಅರ್ಧ ಮಗ್ಗ ಬರ್ತೈತೆ" ಎಂದ. ದಯಾಮಣಿ ಸತ್ಯವೇದವನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕುಸಿದಳು. ನಕ್ಕು ನಕ್ಕು ಅವಳ ಮುಡಿ ಬಿಚ್ಚಿಹೋಯಿತು.

"ಬಾಗ್ಲು ಯಾವ ಕಡೆ ಬರ್ಬೇಕು ಅಂತ ಐತೆ ನೋಡೇ" ಎಂದು ಒಳಗಿನಿಂದ ಯರ್ರಮ್ಮ ಕೂಗಿದಳು. "ಅರ್ಧಕ್ಕೆ ನಿಲ್ಲಿಸ್ಬ್ಯಾಡ, ಓದು."